ಟೇಪಿನಲ್ಲಿ ಉಳಿದ ಉತ್ತರ

“ಬೇಸಿಗೆ ಕಳೆದ ಮೇಲೂ ನನ್ನ ಜೊತೆ ಇರುತ್ತೀಯಾ?” ಎಂದು ಅಮೋಸ್ ಹಾಡಿನಲ್ಲಿ ಕೇಳಿದ.

“ಇರ್ತೀನಿ ಕಣೋ!” ಎಂದೆ ನಾನು.

ಹಾಡಿನಲ್ಲಿ ಆ ಉತ್ತರ ಇರಲೇ ಇಲ್ಲ. ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಟೇಪು ಮಾತ್ರ ನನ್ನ ಮಾನ ಸುತ್ತಿಕೊಳ್ಳುತ್ತಾ ತಿರುಗುತ್ತಲೇ ಇತ್ತು.

ಸೋಮವಾರ ಮೆಂಫಿಸ್‌ನ ಬ್ಯೂಟಿ ಪಾರ್ಲರ್‌ಗಳಿಗೆಲ್ಲ ರಜೆ. ಮಿಸ್ ಓಪಲ್ ತಮ್ಮ ಪಾರ್ಲರಿನ ಹಿಂದಿನ ಕೋಣೆಯನ್ನು ಅವತ್ತು ಸ್ಟುಡಿಯೋ ಮಾಡುತ್ತಿದ್ದರು. ಗೋಡೆಗೆ ಹಳೆಯ ಕೌದಿಗಳು, ಡ್ರಮ್ಮಿನ ಮೇಲೆ ಸದ್ದು ಹರಡದಿರಲೆಂದು ಡ್ರಮ್ಮರನ ಪರ್ಸು. ಧ್ವನಿ ಗುಂಯ್ ಎನ್ನಬೇಕಾದರೆ ಹಾಡುವವರನ್ನು ಬಚ್ಚಲಿನಲ್ಲಿ ನಿಲ್ಲಿಸುವುದು. ಎಲ್ಲ ಅಮೋಸ್‌ನ ತಲೆಯಿಂದ ಬಂದದ್ದೇ. ಹಾಡು ಕಟ್ಟುವವನು, ಆರ್ಗನ್ ನುಡಿಸುವವನು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನೇ. ವಾರವೆಲ್ಲ ಅಲ್ಲೇ ತಲೆ ತೊಳೆಯುವ ನಾನು ಸೋಮವಾರ ಮಾತ್ರ ಹಿಮ್ಮೇಳ.

ಅಮೋಸ್ ಬಚ್ಚಲಿನಿಂದ ಹೊರಗೆ ಬಂದ. ಕಿವಿ ಕೆಂಪಗೆ ಕಾದಿರಬೇಕು, ಕೈಯಲ್ಲಿ ಮುಟ್ಟಿಕೊಳ್ಳುತ್ತಿದ್ದ.

“ವರ್ನೆಲ್, ಯಾರಿಗೆ ಹೇಳಿದ್ದು ಅದು?”

“ಯಾರಿಗೂ ಇಲ್ಲ. ಚರ್ಚಿನ ಅಭ್ಯಾಸ. ಯಾರಾದ್ರೂ ಮನಸ್ಸಿಟ್ಟು ಕೇಳಿದ್ರೆ ನನ್ ಬಾಯಿ ಸುಮ್ನಿರಲ್ಲ.”

ಸುಳ್ಳೇನಲ್ಲ. ನಮ್ಮ ಚರ್ಚಿನಲ್ಲಿ ಪಾದ್ರಿಗಳು ಒಂದು ಮಾತು ಕೇಳಿದರೆ ಹತ್ತು ಬೆಂಚಿನಿಂದ ಉತ್ತರ ಹಾರುತ್ತದೆ. ಸುಮ್ಮನೆ ಕೂತವರ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಇಡೀ ಸಭೆಯಲ್ಲಿ ಬಾಯಿ ಬಿಡದವನು ಅಮೋಸ್ ಒಬ್ಬನೇ. ಅವನು ಆರ್ಗನ್ನಿನಲ್ಲೇ ಉತ್ತರ ಕೊಟ್ಟು ತಲೆ ಬಗ್ಗಿಸಿಬಿಡುತ್ತಾನೆ.

“ಅಭ್ಯಾಸಾನಾ?” ಎಂದ. ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಖುಷಿಯೂ ಆಯಿತು, ಪಾಪವೂ ಅನ್ನಿಸಿತು. “ಸರಿ, ಅಳಿಸಿ ಮತ್ತೆ ಹಾಡೋಣ.”

“ಮುಟ್ಟಿದ್ರೆ ಕೈ ಮುರೀತೀನಿ!” ಎಂದರು ಮಿಸ್ ಓಪಲ್, ತಲೆಗೆ ಬೋಗುಣಿಯಂತೆ ಕವುಚುವ ದೊಡ್ಡ ಹೇರ್ ಡ್ರೈಯರಿನ ಕೆಳಗಿನ ಕುರ್ಚಿಯಿಂದಲೇ. “ಇಷ್ಟು ದಿನ ಆ ಹಾಡಲ್ಲಿ ಏನೋ ಕಮ್ಮಿ ಅನ್ಕೋತಿದ್ದೆ. ಈಗ ಗೊತ್ತಾಯ್ತು. ಮುಂದಿನ ವಾರ ಡೆಲ್ರಾಯ್ ಬಂದು ಹಾಡ್ತಾನೆ. ನೀನು ಇದೇ ಜಾಗದಲ್ಲಿ, ಹಿಂಗೇ ಹೇಳ್ಬೇಕು ಮಗಳೇ.”

ಅಮೋಸ್ ಹಾಡಿದ್ದು ಬರೀ ದಾರಿ ತೋರಿಸಲು. ರೆಕಾರ್ಡಿನಲ್ಲಿ ಇರಬೇಕಾದದ್ದು ಡೆಲ್ರಾಯ್‌ನ ಧ್ವನಿ. ಕ್ಲಬ್ಬುಗಳಲ್ಲಿ ಅವನು ಹಾಡಲು ನಿಂತರೆ ಹೆಂಗಸರು ಕರವಸ್ತ್ರ ಎಸೆಯುತ್ತಿದ್ದರು.

ಗುರುವಾರ ಮಧ್ಯಾಹ್ನ ಅಮೋಸ್ ಪಾರ್ಲರಿನ ಹಿಂಬಾಗಿಲಿಗೆ ಬಂದ. ಕೈಯಲ್ಲಿ ಸಿಹಿಗೆಣಸಿನ ಪೈ. ಮೆಟ್ಟಿಲ ಮೇಲೆ ಕೂತೆವು. ಅವನು ತುಂಡು ಮಾಡಿ ದೊಡ್ಡದನ್ನು ನನ್ನ ಕಡೆ ತಳ್ಳಿದ.

“ಡೆಟ್ರಾಯ್ಟಿಂದ ಅಣ್ಣ ಫೋನ್ ಮಾಡಿದ್ದ,” ಎಂದ. “ಕಾರ್ ಫ್ಯಾಕ್ಟರೀಲಿ ಕೆಲಸ ಇದೆಯಂತೆ. ಈ ಹಾಡು ಸರಿಯಾಗಿ ಬಂದ್ರೆ ಇರ್ತೀನಿ. ಇಲ್ಲಾಂದ್ರೆ ಮಂಗಳವಾರದ ಬಸ್ಸು.”

ಹೋಗಬೇಡ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ನನ್ನ ನಾಲಿಗೆ ನನ್ನ ಮಾತನ್ನು ಕೇಳಿದ್ದು ಯಾವಾಗ!

“ಹೋಗಪ್ಪಾ. ಯಾರು ಹಿಡ್ಕೊಂಡಿದಾರೆ? ಅಲ್ಲಿ ಚಳಿಗೆ ಕಿವಿ ಉದುರುತ್ತಂತೆ. ನಿನ್ ಕಿವಿ ಸ್ವಲ್ಪ ದೊಡ್ಡದೇ ಇದೆ, ಉದುರಿದ್ರೂ ಮಿಕ್ಕುತ್ತೆ.”

ಅವನು ನಕ್ಕ, ಆದರೆ ಕಣ್ಣು ನಗಲಿಲ್ಲ. ಪೈನ ಉಳಿದ ತುಂಡನ್ನೂ ನನಗೇ ಬಿಟ್ಟು ಎದ್ದುಹೋದ. ಅವತ್ತು ಹಾಕಿದ್ದು ಮರೆತು ಮೂವರ ತಲೆಗೆ ಎರಡೆರಡು ಸಲ ಶಾಂಪೂ ಹಾಕಿದೆ ನಾನು.

ಸೋಮವಾರ ಡೆಲ್ರಾಯ್ ರೇಷ್ಮೆ ಕೋಟು ಹಾಕಿಕೊಂಡು ಬಂದ. ಬಚ್ಚಲಿನಲ್ಲಿ ನಿಂತು ಮೊದಲ ಸಾಲು ಎತ್ತಿದಾಗ ಶೆಲ್ಫಿನ ಬಾಟಲಿಗಳು ನಡುಗಿದವು. ಧ್ವನಿ ಅಂದರೆ ಧ್ವನಿ, ಸುಮ್ಮನೆ ಹೇಳಬಾರದು. “ಬೇಸಿಗೆ ಕಳೆದ ಮೇಲೂ ನನ್ನ ಜೊತೆ ಇರುತ್ತೀಯಾ?” ಎಂದು ಬಾಗಿಲಿನಿಂದ ನನ್ನತ್ತ ಕಣ್ಣು ಹೊಡೆದು ಕೇಳಿದ.

“ಇರ್ತೀನಿ ಕಣೋ,” ಎಂದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗಿತ್ತು.

ಮತ್ತೆ ಮಾಡಿದೆವು. ಮತ್ತೂ ಮಾಡಿದೆವು. ಒಮ್ಮೆ ಕಿರುಚಿದೆ, ಒಮ್ಮೆ ಕೆಮ್ಮಿದೆ. ಅಮೋಸ್ ಆರ್ಗನ್ನಿನ ಮುಂದೆ ಕೂತು ಸಣ್ಣಗಾಗುತ್ತಾ ಹೋದ. ಅವನ ಮಂಗಳವಾರದ ಬಸ್ಸು ನನ್ನ ಬಾಯಿಯ ಮೇಲೆ ನಿಂತಿತ್ತು. ಬೇಕೆಂದಾಗ ಆ ಬಾಯಿ ಮರಗಟ್ಟಿತ್ತು.

ಕೊನೆಗೆ ಡೆಲ್ರಾಯ್ ಕೋಟು ತೆಗೆದು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. “ಮಿಸ್ ಓಪಲ್, ಈ ಹುಡುಗಿ ಪೋಸ್ಟ್ ಆಫೀಸ್ ಕಿಟಕೀಲಿ ಕೂತಿರೋ ಥರ ಉತ್ತರ ಕೊಡ್ತಾಳೆ. ನನ್ ಜೀವಮಾನದಲ್ಲಿ ಯಾವ ಹೆಂಗಸೂ ನನಗೆ ಹಿಂಗೆ ಮಾಡಿರ್ಲಿಲ್ಲ.”

“ಅವಳು ಉತ್ತರ ನಿನಗೆ ಕೊಡ್ತಿದ್ರೆ ತಾನೇ,” ಎಂದರು ಮಿಸ್ ಓಪಲ್. “ಅಮೋಸ್, ಏಳು. ನೀನು ಹಾಡು.”

“ಮ್ಯಾಮ್, ನಾನು ಹಾಡುಗಾರ ಅಲ್ಲ. ನಾನು ಹಿಂದೆ ಇರೋನು.”

“ಹಿಂದೆ ಇದ್ದೇ ಡೆಟ್ರಾಯ್ಟ್‌ಗೆ ಹೊರಟಿದೀಯಲ್ಲ! ಈ ಹುಡುಗಿ ಬಾಯಿ ನೀನು ಕೇಳಿದ್ರೆ ಮಾತ್ರ ಸರಿಯಾಗಿ ತೆರೆಯುತ್ತೆ. ಡ್ರೈಯರ್ ಕೆಳಗೆ ಕೂತಿರೋ ನನಗೇ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡೆಲ್ರಾಯ್ ನನ್ನನ್ನು ನೋಡಿದ, ಅಮೋಸ್‌ನನ್ನು ನೋಡಿದ, ತಲೆ ಹಿಂದಕ್ಕೆ ಹಾಕಿ ನಕ್ಕ. “ಹೋಗೋ ತಮ್ಮಾ, ಹೋಗು. ನನಗೆ ಇನ್ನೊಂದು ಹಾಡು ಕಟ್ಟಿಕೊಡು. ಉತ್ತರ ಇಲ್ಲದ್ದು.”

ಅಮೋಸ್ ಬಚ್ಚಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಡೆಲ್ರಾಯ್‌ನ ಧ್ವನಿಯ ಮುಂದೆ ಅವನದು ಏನೂ ಅಲ್ಲ. ಅಂಚಿನಲ್ಲಿ ಸ್ವಲ್ಪ ಒಡೆಯುತ್ತಿತ್ತು. ಆದರೆ ಆ ಒಡಕಿನಲ್ಲಿ ಅವನು ಪೂರ್ತಿ ಇದ್ದ. ಮೆಟ್ಟಿಲ ಮೇಲೆ ಹೇಳದೆ ನುಂಗಿದ್ದೆಲ್ಲ ಈಗ ಹೊರಗೆ ಬರುತ್ತಿತ್ತು. ಆ ಸಾಲು ಬಂತು. “ಬೇಸಿಗೆ ಕಳೆದ ಮೇಲೂ ನನ್ನ ಜೊತೆ ಇರುತ್ತೀಯಾ?”

ನಾನು ಉತ್ತರ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ. ಗೋಡೆಗೆ ಯಾರು ಉತ್ತರ ಕೊಡುತ್ತಾರೆ?

ಡ್ರಮ್ಮರ್ ಜಾಣ, ತಾಳ ಬಿಡಲಿಲ್ಲ. ಅಮೋಸ್ ಹೆದರಿ ತಿರುಗಿದ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಮೊದಲ ಸಲ, ತಲೆ ಬಗ್ಗಿಸದೆ. ಮತ್ತೆ ಕೇಳಿದ. ಈ ಸಲ ರಾಗವೂ ಅರ್ಧ ಬಿಟ್ಟುಹೋಗಿತ್ತು.

“ಇರ್ತೀನಿ ಅಮೋಸ್,” ಎಂದೆ. “ಹೋಗಬೇಡ ಕಣೋ.”

ಅವನು ಹಾಡು ಮುಗಿಸಿದ್ದು ಹೇಗೋ, ಅರ್ಧ ನಗುತ್ತಲೇ. ಮಿಸ್ ಓಪಲ್ ಮೂಗು ಒರೆಸಿಕೊಂಡು, ಟೇಪು ಮುಟ್ಟಿದವರ ಕೈ ಮುರಿಯುವುದಾಗಿ ಇನ್ನೊಮ್ಮೆ ಹೇಳಿದರು. ಮಂಗಳವಾರ ಬಸ್ಸು ಅವನಿಲ್ಲದೆ ಹೊರಟಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಆ ರೆಕಾರ್ಡು ರೇಡಿಯೋದಲ್ಲಿ ಬಂತು. ಲೇಬಲ್ ಮೇಲೆ ಅಮೋಸ್‌ನ ಹೆಸರು, ಹಾಡಿನ ನಡುವೆ ನನ್ನ ಬಾಯಲ್ಲೂ ಅದೇ ಹೆಸರು. ಭಾನುವಾರ ಹೊಸ ಹ್ಯಾಟು ಇಟ್ಟುಕೊಂಡು ಚರ್ಚಿಗೆ ಹೋದರೆ ಬೆಂಚು ಬೆಂಚಿನಲ್ಲೂ ಬೀಸಣಿಗೆಯ ಹಿಂದೆ ಕಿಸಿಕಿಸಿ. ಪಾದ್ರಿಗಳು ಪ್ರವಚನದ ನಡುವೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡರು.

“ನಮ್ಮ ಸಹೋದರಿ ವರ್ನೆಲ್ ಇಡೀ ಟೆನ್ನೆಸ್ಸೀ ರಾಜ್ಯಕ್ಕೆ ಕೇಳಿಸೋ ಹಾಗೆ ಯಾರಿಗೋ ಮಾತು ಕೊಟ್ಟಿದಾಳಂತೆ. ಆ ಪುಣ್ಯಾತ್ಮ ಇಲ್ಲೇ ಇದ್ರೆ, ಅವನೂ ಬಾಯಿ ಬಿಟ್ಟು ಏನಾದ್ರೂ ಹೇಳ್ತಾನಾ?”

ನಾನು ತಲೆ ಎತ್ತಲಿಲ್ಲ. ಎಲ್ಲರ ಹಾಗೆ ನಾನೂ ಆರ್ಗನ್ನಿನ ಉತ್ತರಕ್ಕೇ ಕಾದೆ. ಅದು ಬರಲಿಲ್ಲ. ಸ್ಟೂಲು ಕಿರ್ ಎಂದು ಹಿಂದಕ್ಕೆ ಸರಿಯಿತು.

“ಇರ್ತೀನಿ ಸರ್!” ಎಂದು ಕೂಗಿದ ಅಮೋಸ್, ಎದ್ದು ನಿಂತು, ದೊಡ್ಡ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ನೀವು ಯಾವತ್ತು ಅಂದ್ರೆ ಅವತ್ತು, ಇಲ್ಲೇ, ವರ್ನೆಲ್‌ನ ಮದುವೆ ಆಗ್ತೀನಿ!”

ಇಡೀ ಚರ್ಚು ಆಮೆನ್ ಎಂದಿತು. ಎಲ್ಲರಿಗಿಂತ ಜೋರಾಗಿ ಹೇಳಿದ್ದು ನಾನೇ ಅಂತೆ. ಅಭ್ಯಾಸ.