ಟವೆಲಿನ ಕೆಳಗೆ ರಾಟರ್‌ಡ್ಯಾಮ್

"ರಾಟರ್‌ಡ್ಯಾಮ್‌ಗೇ ಹೋಗು" ಅಂದುಬಿಟ್ಟ ಜ್ಞಾನೇಶ್. ಯೋಚನೆ ಇಲ್ಲ, ಪೀಠಿಕೆ ಇಲ್ಲ, ತಲೆ ಎತ್ತಿ ಅವಳ ಮುಖ ನೋಡುವ ಸೌಜನ್ಯವೂ ಇಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ.

ಭಾನುಪ್ರಿಯಾಗೆ ಮೈಯೆಲ್ಲ ಉರಿದುಹೋಯಿತು.

ತಿಪಟೂರಿನ ಕೊಬ್ಬರಿ ಪುಡಿ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವಳ ಕೆಲಸ. ಸಂಜೆ ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು ತನ್ನೂರು ಕಂದಿಕೆರೆಯ ಬಸ್ಸಿಗೆ ಕಾಯಬೇಕು. ಕಾಯುವುದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಇಲ್ಲವೆಂದಲ್ಲ. ಆದರೂ ಅವಳು ಹೋಗಿ ಕೂರುತ್ತಿದ್ದದ್ದು ಹಿಂದಿನ ರಸ್ತೆಯ ಜ್ಞಾನೇಶನ ವರ್ಕ್‌ಶಾಪಿನಲ್ಲಿ, ಒಂದು ಹಳೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಇಬ್ಬರೂ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಅವಳು ಮುಂದೆ ಫುಡ್ ಟೆಕ್ನಾಲಜಿ ಓದಿದಳು. ಅವನು ಐಟಿಐ ಮುಗಿಸಿ, ಅಣ್ಣ ಬಸವಕುಮಾರನ ಜೊತೆ ತೆಂಗಿನಕಾಯಿ ಸುಲಿಯುವ ಮೆಷಿನ್ ತಯಾರಿಸುವ, ರಿಪೇರಿ ಮಾಡುವ ಕೆಲಸ ಹಿಡಿದ. ಎಷ್ಟೋ ಬಸ್ಸುಗಳು ಅವಳನ್ನು ಬಿಟ್ಟು ಕಂದಿಕೆರೆಗೆ ಹೋಗಿವೆ. ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರಿಗೂ ನೆನಪಿರುವುದಿಲ್ಲ.

ಈಗ ಅವಳಿಗೆ ಎರಡು ಕೆಲಸ ಒಟ್ಟಿಗೇ ಸಿಕ್ಕಿದ್ದವು. ಒಂದು ಒಮಾನಿನ ಸಲಾಲಾದಲ್ಲಿ, ಇನ್ನೊಂದು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ. ಎರಡೂ ಕಂಪನಿಯ ಮೇಲ್‌ಗಳನ್ನು ಆ ಸ್ಟೂಲಿನ ಮೇಲೆ ಕೂತೇ ಅವನಿಗೆ ಓದಿ ಹೇಳಿದ್ದಳು. ಸಲಾಲಾ ಅಂದರೆ ಹತ್ತಿರ. ಸಮುದ್ರ ದಾಟಿದರೆ ಮತ್ತೆ ತೆಂಗಿನ ಮರ, ರಸ್ತೆ ಬದಿಯಲ್ಲಿ ಎಳನೀರಿನ ಅಂಗಡಿ. ಎರಡು ವರ್ಷದ ಕೆಲಸ, ಮುಗಿದ ಮೇಲೆ ವಾಪಸ್. ಉಳಿಯಲು ಹೆಣ್ಣುಮಕ್ಕಳ ಕ್ವಾರ್ಟರ್ಸಿನಲ್ಲಿ ಒಂದು ರೂಮು. ರಾಟರ್‌ಡ್ಯಾಮ್ ಅಂದರೆ ಸಮುದ್ರಕ್ಕಿಂತ ತಗ್ಗಿನಲ್ಲಿ ಕೂತ ಊರು. ಹಡಗು, ಸೈಕಲ್ಲು, ಚಳಿ, ವರ್ಷವಿಡೀ ಜಿಟಿಜಿಟಿ. ಹೋದರೆ ಐದು ವರ್ಷವಂತೂ ಖಂಡಿತ, ಆಮೇಲೆ ಅಲ್ಲೇ ಮುಂದುವರಿದರೂ ಸರಿಯೇ. ಅಲ್ಲಿನ ಲ್ಯಾಬಿನ ಫೋಟೋ ನೋಡಿದಾಗಿನಿಂದ ಅವಳ ಮನಸ್ಸು ಅಲ್ಲೇ ಓಡಾಡುತ್ತಿತ್ತು. "ನೋಡೋ, ಗಂಡ ಇದ್ರೆ ಗಂಡನ್ನೂ ಕರ್ಕೊಂಡ್ ಬರಬಹುದಂತೆ, ಅವನಿಗೂ ಕೆಲಸ ಮಾಡೋಕೆ ಬಿಡ್ತಾರಂತೆ" ಎಂದು ಓದಿ ನಕ್ಕಿದ್ದಳು ಕೂಡ.

ಆಮೇಲೆ ನಗು ನಿಲ್ಲಿಸಿ ಕೇಳಿದ್ದಳು, "ನೀನೇ ಹೇಳು. ಯಾವ ಊರಿಗೆ ಹೋಗ್ಲಿ?"

ಹುಡುಗಿ ಹಾಗೆ ಕೇಳಿದಾಗ ಅದು ಊರಿನ ಪ್ರಶ್ನೆಯಲ್ಲ ಅಂತ ಇವನಿಗೆ ಯಾರು ಹೇಳಿಕೊಡಬೇಕು? ಅವಳಿಗೆ ಬೇಕಾಗಿದ್ದದ್ದು ಇಷ್ಟೇ: 'ಸಲಾಲಾಕ್ಕೆ ಹೋಗು, ಎರಡೇ ವರ್ಷ ತಾನೆ, ನಾನು ಕಾಯ್ತೀನಿ'. ಆ ಒಂದು ಮಾತು ಬಂದಿದ್ದರೆ ರಾಟರ್‌ಡ್ಯಾಮಿನ ಆಸೆಯನ್ನು ಅಲ್ಲೇ ಬಿಟ್ಟುಬಿಡಲು ಅವಳು ತಯಾರಾಗಿದ್ದಳು.

"ಅಷ್ಟು ದೂರಕ್ಕಾ?" ಕೊನೆಯ ಸಲ ಕೇಳಿದಳು.

"ದೂರ ಆದ್ರೇನಾಯ್ತು?" ಅಂದ. ಕಿವಿ ಮಾತ್ರ ಯಾಕೋ ಕೆಂಪಗಾಗಿತ್ತು. ವೆಲ್ಡಿಂಗ್ ಬಿಸಿಗೆ ಇರಬೇಕು ಅಂದುಕೊಂಡಳು.

"ಸರಿ ಬುಡು. ಬಸ್ ಬಂತು, ಬತ್ತೀನಿ."

ಅವತ್ತು ಭಾನು ಮೊದಲ ಬಸ್ಸಿಗೇ ಮನೆಗೆ ಹೋದಳು. ಆಮೇಲೆ ಆ ವಾರ ಪೂರ್ತಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತಳು. ವರ್ಕ್‌ಶಾಪಿನ ಕಡೆ ಬೆನ್ನು ಹಾಕಿ ಕೂತು, ಆಗಾಗ ಫೋನಿನ ಕ್ಯಾಮೆರಾ ತೆರೆದು ಕೂದಲು ಸರಿಮಾಡಿಕೊಳ್ಳುವವಳ ಹಾಗೆ ಹಿಂದಿನ ರಸ್ತೆ ನೋಡುತ್ತಿದ್ದಳು. ಪುಣ್ಯಾತ್ಮ ಒಂದು ಸಲವೂ ಆಚೆ ಬರಲಿಲ್ಲ.

ಮನೆಯಲ್ಲಿ ಬೇರೆಯದೇ ಗಲಾಟೆ. ಸೋಮವಾರದೊಳಗೆ ಎರಡೂ ಕಡೆ ಉತ್ತರ ಕೊಡಬೇಕಿತ್ತು. ಅಮ್ಮ ಗಿರಿಜಾಂಬಿಕಾಗೆ ಸಲಾಲಾ ಬಿಟ್ಟು ಬೇರೆ ಮಾತೇ ಇಲ್ಲ. "ಅಲ್ಲೂ ತೆಂಗಿನ ಮರ ಐತಂತೆ. ಬೇಜಾರಾದ್ರೆ ಒಂದ್ ಮರದ ಕೆಳಗಾದ್ರೂ ಕೂರಬಹುದು. ಆ ಚಳಿ ಊರಲ್ಲಿ ಒಬ್ಬಳೇ ಜ್ವರ ಬಂದು ಮಲಗಿದ್ರೆ ಒಂದ್ ಲೋಟ ಗಂಜಿ ಕೊಡೋರು ಯಾರು?" ಅಪ್ಪ ಸೂರ್ಯಪ್ರಕಾಶ್ ಬೆಳಿಗ್ಗೆ ರಾಟರ್‌ಡ್ಯಾಮ್ ಅಂದರೆ, ಮಧ್ಯಾಹ್ನ ಹೆಂಡತಿಯ ಮುಖ ನೋಡಿ ಸಲಾಲಾ ಅನ್ನುತ್ತಿದ್ದರು. ತಾತ ತೋಂಟದಾರ್ಯ ಮಾತ್ರ ಜಗಲಿಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಪ್ರಾಯದಲ್ಲಿ ದನದ ದಲ್ಲಾಳಿ ಅವನು. ಹುಳಿಯಾರಿನ ಸುತ್ತಮುತ್ತ ಹಳ್ಳಿಕಾರ್ ಹೋರಿಯ ವ್ಯಾಪಾರ ಕುದುರಬೇಕಾದರೆ ತೋಂಟದಾರ್ಯನನ್ನೇ ಕರೆಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಕಾಯಿ ಸುಲಿಯುವ ಮೆಷಿನ್ ಗಕ್ಕನೆ ನಿಂತುಹೋಯಿತು. ಅಂಗಳದ ತುಂಬ ಕಾಯಿ ರಾಶಿ. ಅಪ್ಪ ಫೋನ್ ತೆಗೆದು ಯಾರಿಗೆ ಮಾಡುತ್ತಾರೆ ಅಂತ ಭಾನುವಿಗೆ ಗೊತ್ತಿತ್ತು. ಒಳಗೆ ಹೋಗಿ ಹಳದಿ ಚೂಡಿದಾರ್ ಹಾಕಿಕೊಂಡು ಬಂದಳು. ಯಾರಿಗೋಸ್ಕರವೂ ಅಲ್ಲ, ಮೊದಲಿನದು ಕೊಳೆಯಾಗಿತ್ತು ಅಷ್ಟೇ!

ಜ್ಞಾನೇಶ್ ಬೈಕ್ ನಿಲ್ಲಿಸಿ ನೇರ ಮೆಷಿನ್ ಹತ್ತಿರ ಹೋದ. ಒಂದು ವಾರದಲ್ಲಿ ಇಳಿದುಹೋಗಿದ್ದ ಅಂತ ಅವಳಿಗೆ ಅನಿಸಿತು. ನೀರಿನ ಚೊಂಬು ತಂದು ಅವನ ಪಕ್ಕ ಟಪ್ಪನೆ ಇಟ್ಟಳು.

"ಬಸ್ಸು ಬೇಗ ಸಿಕ್ತಾವಾ ಈಗ?" ಅಂದ ಅವನು, ಬೆಲ್ಟ್ ಬಿಚ್ಚುತ್ತ.

"ಹೂಂ. ನಂದೇ ತಪ್ಪು. ಇಷ್ಟು ದಿನ ಸುಮ್ನೆ ಬಿಟ್ಕೊಂಡಿದ್ದೆ."

"ಸ್ಟೂಲು ಖಾಲಿ ಐತೆ."

"ಬೇರೆ ಯಾರನ್ನಾದ್ರೂ ಕೂರಿಸ್ಕೊ."

ಅವನು ತಲೆ ಎತ್ತಿದ. ಆ ನೋಟದಲ್ಲಿ ಕೋಪವಿರಲಿಲ್ಲ, ನೋವಿತ್ತು. ಹೊಡೆದವನೇ ಅಳುತ್ತಾನಲ್ಲ ಶಿವನೇ ಅಂದುಕೊಂಡು ಅವಳು ಸರಕ್ಕನೆ ಒಳಗೆ ಹೋದಳು. ಹೋದವಳು ಅಡುಗೆಮನೆ ಕಿಟಕಿಯಲ್ಲೇ ನಿಂತಿದ್ದಳು ಎಂಬುದನ್ನು ಇಲ್ಲಿ ಹೇಳದಿದ್ದರೆ ಕಥೆಗೆ ಮೋಸ ಮಾಡಿದಂತಾಗುತ್ತದೆ.

ಮಧ್ಯಾಹ್ನ ಮುದ್ದೆ, ಬಸ್ಸಾರು. ರಿಪೇರಿ ಇನ್ನೂ ಅರ್ಧವಾಗಿದ್ದರಿಂದ ಅಪ್ಪ ಜ್ಞಾನೇಶನನ್ನೂ ಊಟಕ್ಕೆ ಕೂರಿಸಿದರು. ಊಟವಾಗಿ ಎಲ್ಲರೂ ಜಗಲಿಗೆ ಬಂದು ಕೂತಾಗ ಮತ್ತೆ ಅದೇ ಮಾತು ಎದ್ದಿತು.

"ಇವತ್ತೊಂದೇ ದಿನ ಉಳಿದಿರೋದು. ಬಾಯಿಬಿಟ್ಟು ಹೇಳಮ್ಮ, ನಿನ್ನ ಮನಸಲ್ಲಿ ಏನೈತೆ?" ಅಂದರು ಅಪ್ಪ.

ಭಾನು ಚೂಡಿದಾರಿನ ಅಂಚು ಮಡಚುತ್ತ ಕೂತಳು.

"ನೀನಾದ್ರೂ ಹೇಳು ಜ್ಞಾನೇಶ, ಅವಳ ಕ್ಲಾಸ್‌ಮೇಟು ನೀನು" ಅಂದಳು ಅಮ್ಮ. "ಸಲಾಲಾನೇ ಸರಿ ಅಲ್ವಾ?"

"ಅದೂ... ಯಜಮಾನ್ರು ಹೇಳಿದಂಗೆ" ಅಂದು ಅವನು ಕತ್ತು ಬಗ್ಗಿಸಿದ.

ತಾತ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ನಡುವೆ ಕೂತ. "ಎಲ್ರೂ ಬಾಯ್ ಮುಚ್ಕಳ್ರಿ. ಇವಳು ನಿಮ್ ಮುಂದೆ ಮನಸ್ ಬಿಚ್ಚಲ್ಲ. ಇವ್ನು ಮೆಷಿನ್ ಮುಂದೆ ಬಿಟ್ರೆ ಇನ್ನೆಲ್ಲೂ ಬಾಯೇ ಬಿಡಲ್ಲ. ಇಂಥಾ ವ್ಯಾಪಾರ ನಾನೆಷ್ಟೋ ನೋಡಿವ್ನಿ. ಬಾ ಇಲ್ಲಿ, ಇಬ್ರೂ ಎದುರುಬದುರು ಕುಂತ್ಕಳ್ರಿ." ಹೆಗಲ ಮೇಲಿನ ಟವೆಲ್ ಕೊಡವಿದ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಎರಡು ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ಎಷ್ಟು ಜನ ನಿಂತಿದ್ದರೂ ವಿಷಯ ಗೊತ್ತಾಗುವುದು ಆ ಇಬ್ಬರಿಗೆ ಮಾತ್ರ.

"ತಾತ, ನಾನೇನು ಹೋರಿನಾ?" ಭಾನು ರೇಗಿದಳು.

"ನೀನು ವ್ಯಾಪಾರಸ್ಥೆ ಕಣವ್ವ. ಮಾಲು ಆ ಎರಡು ಊರು. ಒಂದು ಬೆರಳು ಹಿಡಿದ್ರೆ ತೆಂಗಿನ ಮರದ ಊರು, ಎರಡು ಹಿಡಿದ್ರೆ ಹಡಗಿನ ಊರು. ಕೊಡ್ಲಾ ಜ್ಞಾನೇಶ ಕೈಯ, ಹೆದರ್ಕೋಬೇಡ."

ಅಪ್ಪ ನಕ್ಕರು. ಅಮ್ಮ, "ಮಾವಯ್ಯಂಗೆ ವಯಸ್ಸಾಯ್ತು" ಎಂದು ಗೊಣಗಿದಳು. ಇಬ್ಬರ ಕೈಗಳ ಮೇಲೆ ಟವೆಲ್ ಬಿತ್ತು.

ಕತ್ತಲಲ್ಲಿ ಅವನ ಕೈ ಮೊದಲು ಅವಳ ಬಳೆಗೆ ತಾಗಿತು, ಆಮೇಲೆ ಬೆರಳಿಗೆ. ಇಷ್ಟು ವರ್ಷ ಎದುರಿಗೆ ಕೂತು ಮಾತಾಡಿದವರು ಒಂದು ದಿನವೂ ಕೈ ಮುಟ್ಟಿರಲಿಲ್ಲ. ಅಂಗೈ ಒರಟು, ಬೆಚ್ಚಗಿತ್ತು. ಭಾನುವಿಗೆ ತನ್ನ ಎದೆಯ ಸದ್ದು ಅಮ್ಮನಿಗೂ ಕೇಳುತ್ತದೇನೋ ಎಂದು ಭಯವಾಯಿತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಅವನು ಅವಳ ಎರಡು ಬೆರಳು ಹಿಡಿದು ಒತ್ತಿದ.

ಮತ್ತೆ ರಾಟರ್‌ಡ್ಯಾಮ್! ಅವಳು ಸಿಟ್ಟಿನಿಂದ ಅವನ ಒಂದೇ ಬೆರಳು ಹಿಡಿದು ಹಿಂಡಿದಳು. ಅವನು ನೋವಿಗೆ ಹುಬ್ಬು ಗಂಟಿಕ್ಕಿದ. ಆದರೂ ಮೆಲ್ಲಗೆ ಬೆರಳು ಬಿಡಿಸಿಕೊಂಡು ಪುನಃ ಎರಡು ಒತ್ತಿದ. ಅವಳು ಚಿವುಟಿದಳು. ಅವನು ಬಿಡಲಿಲ್ಲ. ಎರಡು ಬೆರಳು ಹಿಡಿದದ್ದು ಹಾಗೇ ಜಾರಿ, ಅವಳ ಇಡೀ ಕೈ ಅವನ ಕೈಯೊಳಗೆ ಹೋಯಿತು. ಅಲ್ಲೇ ಉಳಿಯಿತು. ಆಗ ಅವಳಿಗೆ ತಿಳಿಯಿತು, ಅವನ ಕೈ ನಡುಗುತ್ತಿತ್ತು.

"ಏನ್ಲಾ, ಇಷ್ಟೊತ್ತು? ಜೋಡಿ ಎತ್ತಿನ ವ್ಯಾಪಾರಾನಾ?" ತಾತ ಕೆಣಕಿದ.

ಭಾನುವಿಗೆ ತಡೆಯಲಾಗಲಿಲ್ಲ. ಅಪ್ಪ, ಅಮ್ಮ ಎಲ್ಲ ಮರೆತೇಹೋಯಿತು. "ಯಾಕೋ ನನ್ನನ್ನ ಅಷ್ಟು ದೂರ ಕಳಿಸಬೇಕು ಅಂತ ಹಟ ನಿನಗೆ? ನಾನು ನಿನಗೇನು ಅನ್ಯಾಯ ಮಾಡಿದ್ದೆ?" ಎಂದು ಕೇಳಿಬಿಟ್ಟಳು.

ಅವನು ಕಣ್ಣು ಕಣ್ಣು ಬಿಟ್ಟ. "ಕಳಿಸೋಕಲ್ಲ ಕಣೆ! ನಾನೂ ಬರೋಕೆ!"

ಅಪ್ಪ ಕೂತಲ್ಲೇ ನೆಟ್ಟಗಾದರು.

"ನೀನೇ ಓದಿ ಹೇಳಿದ್ಯಲ್ಲ, ಅಲ್ಲಾದ್ರೆ ಗಂಡನ್ನೂ ಕರ್ಕೊಂಡ್ ಹೋಗಬಹುದು ಅಂತ. ಸಲಾಲಾದಲ್ಲಿ ಹೆಣ್ಮಕ್ಕಳ ಕ್ವಾರ್ಟರ್ಸು. ನಾನೆಲ್ಲಿ ಇರ್ಲಿ? ಅದಕ್ಕೇ ರಾಟರ್‌ಡ್ಯಾಮ್ ಅಂದೆ. ನೀನು ಬಸ್ ಬಂತು ಅಂತ ಎದ್ದು ಹೋದೆ. ಆಮೇಲೆ ಬರ್ಲೇ ಇಲ್ಲ. ಇಷ್ಟ ಇಲ್ಲ ಅಂದ್ಕೊಂಡೆ."

"ಅದು... ಅದು ನೀನು ಮದ್ವೆ ಪ್ರಸ್ತಾಪ ಮಾಡಿದ್ದಾ?"

"ಇನ್ನೇನು ಮತ್ತೆ?"

"ಸ್ಪ್ಯಾನರ್ ತಿರುಗಿಸ್ಕೊಂಡಾ?"

"ಕೈ ಸುಮ್ನೆ ಬಿಟ್ಟಿದ್ರೆ ನಡುಗ್ತಿತ್ತು."

ತಾತ ತೊಡೆ ತಟ್ಟಿ ನಕ್ಕ. ಅಪ್ಪ ನಗಬೇಕೋ ಗದರಬೇಕೋ ಗೊತ್ತಾಗದೆ ಕೆಮ್ಮಿದರು. "ಅಲ್ಲಪ್ಪ, ವರ್ಕ್‌ಶಾಪ್ ಬಿಟ್ಟು ಅಲ್ಲಿ ಏನು ಮಾಡ್ತೀಯ?"

"ಅಣ್ಣ ನೋಡ್ಕೋತಾನೆ ಯಜಮಾನ್ರೇ, ಅವತ್ತು ರಾತ್ರೀನೇ ಅವನ ಹತ್ರ ಮಾತಾಡಿದೀನಿ. ಹಡಗಿನ ಊರಲ್ಲಿ ವೆಲ್ಡಿಂಗ್ ಬರೋನಿಗೆ ಕೆಲಸ ಸಿಗಲ್ವಾ? ಭಾಷೆ ಕಲೀತೀನಿ. ಸಿಗೋವರೆಗೂ ಮನೇಲಿ ಅಡಿಗೆ ಮಾಡ್ತೀನಿ. ಗಂಜಿನೂ ಕಾಯಿಸ್ತೀನಿ." ಕೊನೆಯದನ್ನು ಅಮ್ಮನ ಕಡೆ ತಿರುಗಿ ಹೇಳಿದ.

ಅಪ್ಪ ಮಗಳ ಮುಖ ನೋಡಿದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಇನ್ನೇನು ಕೇಳುವುದಿತ್ತು? "ನಂದೇನೂ ಅಡ್ಡಿ ಇಲ್ಲ" ಅಂದರು ಮೆತ್ತಗೆ.

ಅಮ್ಮ ಮಾತ್ರ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು. ಭಾನುವಿನ ನಗು ಅರ್ಧಕ್ಕೇ ನಿಂತಿತು. ಅಮ್ಮ ಬೇಡ ಅಂದರೆ ರಾಟರ್‌ಡ್ಯಾಮಿಗಿರಲಿ, ತಿಪಟೂರಿಗೂ ಹೋಗುವ ಮನಸ್ಸು ಅವಳಿಗಿರಲಿಲ್ಲ.

"ಮೊದ್ಲು ಟವೆಲ್ ಕೊಡ್ರಪ್ಪ ನಂದು" ಅಂದ ತಾತ. ಆಗಲೇ ಇಬ್ಬರೂ ಕೈ ಬಿಟ್ಟದ್ದು.

ಇಳಿಹೊತ್ತಿಗೆ ಜ್ಞಾನೇಶ್ ಮೆಷಿನ್ ಮುಗಿಸುತ್ತಿದ್ದ. ಭಾನು ಬಂದು ಕಾಯಿ ರಾಶಿಯ ಪಕ್ಕ ನಿಂತಳು.

"ಗೊತ್ತಾ? ನಾನು ಸಲಾಲಾ ಅಂತ ಬರೆಯೋಳಿದ್ದೆ. ಬೇಗ ವಾಪಸ್ ಬರಬಹುದು ಅಂತ. ನಿನ್ನ ಹತ್ರಕ್ಕೆ."

"ನಿನಗೆ ಆ ಲ್ಯಾಬ್ ಅಂದ್ರೆ ಪ್ರಾಣ. ಅದನ್ನ ಬಿಟ್ಟಾ?"

"ಹೂಂ."

"ದಡ್ಡಿ."

"ನೀನು ದಡ್ಡ. ಕೇಳ್ಕೊ, ಇದನ್ನ ಒಂದೇ ಸಲ ಹೇಳೋದು. ನನಗೆ ನೀನಂದ್ರೆ ಇಷ್ಟ ಕಣೋ. ತುಂಬಾ ಇಷ್ಟ. ಬಸ್ಸುಗಳೆಲ್ಲ ಸುಮ್ನೆ ತಪ್ಪಿಹೋಗ್ತಿದ್ವು ಅಂದ್ಕೊಂಡಿದ್ಯಾ?"

ಅವನು ಸ್ಪ್ಯಾನರ್ ಕೆಳಗಿಟ್ಟ. ಎದ್ದು ಬಂದು ಅವಳನ್ನು ಅಪ್ಪಿಕೊಂಡ. ಅವನ ಶರ್ಟಿನಲ್ಲಿ ಎಣ್ಣೆ, ಬೆವರು, ತೆಂಗಿನ ನಾರಿನ ವಾಸನೆ. ಭಾನು ಕಣ್ಣು ಮುಚ್ಚಿ ಅಲ್ಲೇ ನಿಂತಳು. ಯಾವ ಊರಾದರೂ ಸರಿ, ಸಂಜೆ ಈ ವಾಸನೆ ಮನೆಗೆ ಬಂದರೆ ಸಾಕು ಅನಿಸಿತು.

"ಅಮ್ಮ ಒಪ್ಪಬೇಕಲ್ಲ" ಅಂದಳು ಅವನ ಎದೆಗೇ.

"ನಾನು ಮಾತಾಡ್ಲಾ?"

"ಬೇಡ, ನಾನೇ ಹೋಗ್ತೀನಿ."

ಧೈರ್ಯ ಕೂಡಿಸಿಕೊಂಡು ಅಡುಗೆಮನೆಗೆ ಹೋದಳು. ಅಮ್ಮ ಒಲೆಯ ಮುಂದೆ ಕಾಫಿ ಸೋಸುತ್ತಿದ್ದಳು. ಕಣ್ಣು ಕೆಂಪಗಿತ್ತು. ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, ಭಾನು ಮೇಲಿನ ಡಬ್ಬದಿಂದ ಸಕ್ಕರೆ ತೆಗೆಯಲು ತಿರುಗಿದಳು.

"ನಿಂತ್ಕೊ" ಅಂದಳು ಅಮ್ಮ. "ಏನೇ ಇದು?"

"ಯಾವುದಮ್ಮ?"

ಅಮ್ಮ ಸೆರಗಿನಿಂದ ಅವಳ ಬೆನ್ನು ಉಜ್ಜಿದಳು. ಹಳದಿ ಚೂಡಿದಾರಿನ ಮೇಲೆ ಗ್ರೀಸಿನ ಎರಡು ಅಂಗೈ, ಹತ್ತೂ ಬೆರಳು, ಅಚ್ಚುಕಟ್ಟಾಗಿ ಮೂಡಿದ್ದವು. ಭಾನು ನಾಚಿಕೆಯಿಂದ ಕುಗ್ಗಿಹೋದಳು. ಉಜ್ಜಿದಷ್ಟೂ ಅದು ಹರಡಿತೇ ಹೊರತು ಹೋಗಲಿಲ್ಲ. ಅಮ್ಮ ಉಜ್ಜುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ಅವಳ ಕೈ ಮಗಳ ಬೆನ್ನ ಮೇಲೇ ಇತ್ತು.

ಆಮೇಲೆ ಎರಡು ಲೋಟ ಕಾಫಿ ಅವಳ ಕೈಗೆ ಕೊಟ್ಟಳು.

"ಹೋಗು, ಆರಿಹೋಗ್ತದೆ. ಮದ್ವೆ ದಿನಾನಾದ್ರೂ ಸೋಪು ಹಾಕಿ ಕೈ ತೊಳ್ಕೊಂಡು ಬಾ ಅಂತ ಹೇಳು ಅವನಿಗೆ."