ಅತ್ತೆಯ ಸಹಿ

“ನೀವು ಬೇಕು ಅಂತಲೇ ಹೀಗೆ ಮಾಡ್ತಿದ್ದೀರಿ ಅತ್ತೆ!”

ಸೊಸೆ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಬ್ಯಾಂಕಿನಿಂದ ಆಗ ತಾನೇ ಬಂದಿದ್ದಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅರ್ಜಿ ಮತ್ತೆ ವಾಪಸ್ಸಾಗಿತ್ತು. ಅತ್ತೆಯ ಸಹಿ ಹಳೆಯ ಸಹಿಗೆ ತಾಳೆಯಾಗುತ್ತಿಲ್ಲವಂತೆ!

“ಹಳೇ ಸಾಲಕ್ಕೆ ಮುತ್ತಿನ ಹಾಗೆ ಸಹಿ ಹಾಕಿದವರು, ಇದಕ್ಕೆ ಮಾತ್ರ ಯಾಕೆ ಸೊಟ್ಟಸೊಟ್ಟಗೆ ಗೀಚ್ತೀರಿ? ಮನೆ ನಿಮ್ಮ ಹೆಸರಲ್ಲಿದೆ ಅಂತ ತಾನೇ ಈ ಹಟ? ನನ್ನ ಅಂಗಡಿ ಮುಚ್ಚಿದ್ರೆ ನಿಮಗೆ ಸಮಾಧಾನನಾ?”

ಅತ್ತೆ ಎರಡೂ ಕೈಗಳನ್ನು ಶಾಲಿನೊಳಗೆ ಸುತ್ತಿಕೊಂಡು ಕಿಟಕಿಯತ್ತ ಮುಖ ತಿರುಗಿಸಿದರು.

“ಸಹಿ ಬೇಡವಂತೆ, ಇಬ್ಬರು ಸಾಕ್ಷಿ ಇಟ್ಟು ಹೆಬ್ಬೆಟ್ಟು ಒತ್ತಿದ್ರೂ ಸಾಕಂತೆ...”

“ಹೆಬ್ಬೆಟ್ಟಾ? ನಾನಾ? ಸತ್ತರೂ ಒತ್ತಲ್ಲ!” ಎಂದವರೇ ಅತ್ತೆ ಎದ್ದು ಒಳಗೆ ಹೋಗಿಬಿಟ್ಟರು.

ಮಾವನ ಕಾಯಿಲೆಗೆಂದು ಈ ಮನೆಯನ್ನು ಒಂದು ಫೈನಾನ್ಸ್ ಕಂಪನಿಯಲ್ಲಿ ಅಡ ಇಟ್ಟಿದ್ದರು. ಮಾವ ಹೋದರು, ಬಡ್ಡಿ ಉಳಿಯಿತು. ಆ ಸಾಲವನ್ನು ತಾನು ತೀರಿಸಿ, ಅದೇ ಮನೆಯ ಮೇಲೆ ಕಡಿಮೆ ಬಡ್ಡಿಗೆ ಹೊಸ ಸಾಲ ಕೊಡುವುದಾಗಿ ಬ್ಯಾಂಕು ಒಪ್ಪಿತ್ತು. ಒಪ್ಪುವುದೇನು ದೊಡ್ಡದು! ಅಷ್ಟರಲ್ಲಿ ಮ್ಯಾನೇಜರಿಗೆ ವರ್ಗವಾಯಿತು, ಹೊಸಬರು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಮನೆಯ ಬೆಲೆ ಕಟ್ಟುವವನು ಬಂದು ಗೋಡೆ ತಟ್ಟಿ ನೋಡಿ ಹೋದ. ಅವನ ವರದಿ ತಲುಪುವ ಹೊತ್ತಿಗೆ ಮಗನ ಸಂಬಳದ ಚೀಟಿ ಹಳೆಯದಾಗಿತ್ತು. ಹೊಸ ಚೀಟಿ ಕೊಟ್ಟರೆ ವರದಿ ಹಳೆಯದಾಯಿತು! “ಮುಂದಿನ ವಾರ ಬನ್ನಿ” ಎಂದು ನಗುನಗುತ್ತಲೇ ಹೇಳುತ್ತಿದ್ದರು. ನಗುವುದಕ್ಕೇನು, ಬಡ್ಡಿ ಕಟ್ಟುವವರು ಅವರಲ್ಲವಲ್ಲ.

ಮಗ ಬಸ್ ಡ್ರೈವರ್. ಒಂದು ಬಸ್ಸಿನ ಜನರನ್ನು ಸಂಭಾಳಿಸುವವನಿಗೆ ಮನೆಯ ಇಬ್ಬರು ಹೆಂಗಸರನ್ನು ಸಂಭಾಳಿಸಲು ಬರುತ್ತಿರಲಿಲ್ಲ. ಶಾಲೆಗಳು ತೆರೆಯುವುದರೊಳಗೆ ಸಾಲ ಆಗದಿದ್ದರೆ, ಬಡ್ಡಿ ಕಟ್ಟಲು ಮುಂದಿನ ಕೋಣೆಯನ್ನು ಔಷಧಿ ಅಂಗಡಿಯವರಿಗೆ ಬಾಡಿಗೆಗೆ ಕೊಡುವುದೆಂದು ತೀರ್ಮಾನಿಸಿದ್ದ. ಆ ಕೋಣೆಯೇ ಸೊಸೆಯ ಹೊಲಿಗೆ ಅಂಗಡಿ. ಅದಕ್ಕೂ ಮೊದಲು ಅತ್ತೆಯ ಹೊಲಿಗೆ ಅಂಗಡಿ.

ಆ ಮಧ್ಯಾಹ್ನ ಸೊಸೆಗೆ ರವಿಕೆಯ ಒಳಗೆ ಕೊಡಲು ಒಂದು ತುಂಡು ಅಸ್ತರ್ ಬಟ್ಟೆ ಬೇಕಾಯಿತು. ಹಿಂದಿನ ಕೋಣೆಯಲ್ಲಿದ್ದ ಚೂರುಬಟ್ಟೆಯ ಮೂಟೆಗೆ ಕೈ ಹಾಕಿದಳು. ಬಂದ ನೀಲಿ ಚೂರಿನ ಮೇಲೆ ಬಿಳಿ ಗೆರೆಗಳು. ಇನ್ನೊಂದನ್ನು ಎಳೆದಳು, ಅದರ ಮೇಲೂ ಗೆರೆ! ಮೂಟೆಯನ್ನೇ ಸುರಿದಳು. ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಅತ್ತೆಯ ಸಹಿ... ಚೂರುಚೂರಿನ ಮೇಲೂ ಅದೇ ಸಹಿ. ಸೊಟ್ಟಗೆ, ನಡುಗುತ್ತಾ, ಕೆಲವು ಕಡೆ ಅರ್ಧಕ್ಕೇ ನಿಂತು.

ಅತ್ತೆ ಗುಂಡಿಯ ಕಾಜಾ ಹೊಲಿಯುವುದನ್ನು ಬಿಟ್ಟಿದ್ದರು, “ಕಣ್ಣು ಕಾಣಲ್ಲ” ಎನ್ನುತ್ತಿದ್ದರು. ಟೀ ಅರ್ಧ ಲೋಟವೇ ಸಾಕೆನ್ನುತ್ತಿದ್ದರು. ಅದೆಲ್ಲ ಅತ್ತೆಯ ಕೊಂಕು ಎಂದುಕೊಂಡಿದ್ದಳಲ್ಲ... ಅಯ್ಯೋ!

ಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಕೈ ಮಾತು ಕೇಳ್ತಿಲ್ಲ ಕಣೇ,” ಎಂದರು ಮೆಲ್ಲಗೆ.

“ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿ ಏನ್ಮಾಡ್ಲಿ? ಕಾಜಾನೂ ಬಾರದ ಮುದುಕಿ ಅಂತ ಮೂಲೇಲಿ ಕೂರ್ಸಿದ್ರೆ?” ಅವರು ಒಂದು ಚೂರನ್ನು ಎತ್ತಿಕೊಂಡರು. “ನಾನು ಈ ಮನೆಗೆ ಬಂದಾಗ ಒಂದಕ್ಷರ ಬರ್ತಿರ್ಲಿಲ್ಲ. ನಿಮ್ಮಾವ ಎಲ್ಲರ ಮುಂದೆ ‘ಹೆಬ್ಬೆಟ್ಟಿನ ರಾಣಿ’ ಅಂತ ಕರೀತಿದ್ರು. ಗಿರಾಕಿಗಳ ಹೆಸರು ನೋಡಿ ನೋಡಿ, ಇದೇ ಚಾಕಲ್ಲಿ ಬರೆದು ಕಲ್ತೆ. ನಾನು ಸಹಿ ಹಾಕಿದ ದಿನ ಅವರ ಬಾಯಿ ಮುಚ್ತು. ಈಗ ಮತ್ತೆ ಒತ್ತು ಅಂದ್ರೆ...”

ಸೊಸೆ ಆ ನಡುಗುವ ಕೈಗಳನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. “ಒತ್ತಬೇಡಿ ಅತ್ತೆ. ಅಂಗಡಿ ಹೋದ್ರೆ ಹೋಗ್ಲಿ. ಮೆಷಿನ್ನು ಅಡುಗೆಮನೇಲಿ ಇಟ್ಕೋತೀನಿ.”

“ಸಾರಲ್ಲಿ ದಾರ ಸಿಕ್ಕಿದ್ರೆ ನಿನ್ನ ಗಂಡ ಊಟ ಬಿಟ್ಟು ಏಳ್ತಾನೆ,” ಎಂದರು ಅತ್ತೆ. ಕಣ್ಣೊರೆಸಿಕೊಂಡು ನೆಟ್ಟಗೆ ನಿಂತರು. “ಆ ಮೆಷಿನ್ ತುಳಿದೇ ಅವನನ್ನ ಸಾಕಿದ್ದು. ಅದು ಇರೋ ಜಾಗದಲ್ಲೇ ಇರ್ಲಿ. ನಡಿ, ಬ್ಯಾಂಕಿಗೆ ಹೋಗೋಣ.”

ಬ್ಯಾಂಕಿನಲ್ಲಿ ಅತ್ತೆ ಶಾಲಿನೊಳಗಿಂದ ಕೈ ತೆಗೆದು ಮುಂದೆ ಚಾಚಿದರು. ಗುಮಾಸ್ತ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆರಳಿಗೆ ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿಸಿದ. ಅತ್ತೆ ಬೇರೆ ಕಡೆ ನೋಡುತ್ತಿದ್ದರು.

“ಮೊದಲೇ ಒತ್ತಿದ್ರೆ ಇಷ್ಟು ತಡ ಆಗ್ತಿರ್ಲಿಲ್ಲ ನೋಡಿ,” ಎಂದ ಅವನು.

“ತಡ ಮಾಡಿದ್ದು ನಮ್ಮತ್ತೆ ಅಲ್ಲ ಸಾರ್,” ಎಂದಳು ಸೊಸೆ. ಅಲ್ಲೇ ಮಂಡಿಯೂರಿ, ತನ್ನ ಕರವಸ್ತ್ರದಿಂದ ಆ ಬೆರಳಿನ ಶಾಯಿಯನ್ನು ಒರೆಸಿದಳು. ಪೂರ್ತಿ ಹೋಗುವವರೆಗೂ ಬಿಡಲಿಲ್ಲ.

ಆಮೇಲೂ ಬ್ಯಾಂಕು ಬ್ಯಾಂಕೇ. ಇನ್ನೆರಡು ಸಲ ಓಡಾಡಿಸಿಯೇ ಸಾಲ ಕೊಟ್ಟಿತು. ಆದರೆ ಶಾಲೆಗಳು ತೆರೆಯುವ ಮೊದಲೇ ಕೊಟ್ಟಿತು. ಹಳೆಯ ಸಾಲ ತೀರಿತು, ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆಗಳು ರಾಶಿ ಬಿದ್ದವು.

ಒಂದು ಬೆಳಿಗ್ಗೆ ಅತ್ತೆ ಅಂಗಡಿಗೆ ಬಂದರೆ, ಬಾಗಿಲಿನ ಪರದೆಯ ಮೇಲೆ ಆ ನೀಲಿ ಚೂರು! ಚಾಕಿನ ಸಹಿಯ ಮೇಲೆ ಬಿಳಿ ದಾರದ ಹೊಲಿಗೆ ಓಡಿತ್ತು. ಅತ್ತೆ ಬೆರಳಿನಿಂದ ಸವರಿ ನೋಡಿದರು.

“ಸೊಟ್ಟಗಿದೆಯಲ್ಲೇ... ಸ್ವಲ್ಪ ನೆಟ್ಟಗೆ ಮಾಡಬಾರದಿತ್ತಾ?”

“ಚಾಕಿನ ಗೆರೆ ಬಿಟ್ಟು ಹೊಲಿಗೆ ಆಚೆ ಹೋಗಬಾರದು ಅಂತ ನೀವೇ ಕಲಿಸಿದ್ದಲ್ವಾ ಅತ್ತೆ?”

ಅತ್ತೆ ಮೆಷಿನ್ನಿನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕೈಗಳು ಶಾಲಿನ ಹೊರಗೇ ಇದ್ದವು.

“ಹೋಗು, ಟೀ ತಗೊಂಡು ಬಾ. ಇವತ್ತು ಲೋಟದ ತುಂಬಾ ಹಾಕು,” ಎಂದರು. “ಚೆಲ್ಲಿದ್ರೆ ಒರೆಸೋಕೆ ನೀನಿದ್ದೀಯಲ್ಲ.”