ನೀಲಿ ಔಷಧಿ

"ಸುರಿಯಬೇಡಿ!"

ಮನೆಗೆ ಬಂದ ಅಪರಿಚಿತ ಮಣಿಕಟ್ಟು ಹಿಡಿದಾಗ ಟೀಚರ್ ಕೆಂಡವಾದಳು. ಅವಳ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸೀ ಅನಿಮೋನ್‌ಗಳಿದ್ದವು, ಹೂವಿನಂತೆ ಕಾಣುವ ಕಡಲಜೀವಿಗಳು. ಅವನು ಅವನ್ನು ತಂದುಕೊಟ್ಟ ಅಕ್ವೇರಿಯಂ ಅಂಗಡಿಯ ಕೆಲಸಗಾರ.

ಒಮ್ಮೆಲೇ ಹೊಸ ನೀರಿಗೆ ಬಿದ್ದರೆ ಇವು ಉಳಿಯುವುದಿಲ್ಲ ಎಂದ. ಚೀಲವನ್ನು ಬಕೆಟ್‌ಗೆ ಬಗ್ಗಿಸಿ, ಸಣ್ಣ ಪೈಪಿಗೆ ಗಂಟು ಹಾಕಿ, ಗಾಜಿನ ತೊಟ್ಟಿಯ ಉಪ್ಪುನೀರನ್ನು ಅದಕ್ಕೆ ಹನಿಹನಿಯಾಗಿ ಬಿಡುತ್ತ ಮಧ್ಯಾಹ್ನವೆಲ್ಲ ನೆಲದ ಮೇಲೆ ಕುಳಿತ. ಬಾಣಂತಿಗೂ ಇಷ್ಟು ಆರೈಕೆ ಇಲ್ಲವೆಂದು ಅವಳ ಅಮ್ಮ ನಕ್ಕರು. ತೊಟ್ಟಿಯಲ್ಲಿರುವ ಮೀನಿಗೆ ಕಾಯಿಲೆ ಬಂದರೂ ತಾಮ್ರದ ಔಷಧಿ ಹಾಕಬೇಡಿ, ಅನಿಮೋನ್‌ಗೆ ಅದು ವಿಷ ಎಂದು ಹೇಳಿ ಹೋದ.

ಆಮೇಲೆ ಪ್ರತಿ ರಜಾದಿನವೂ ಅನಿಮೋನ್ ನೋಡುವ ನೆಪದಲ್ಲಿ ಬಂದ. ಅದು ನೆಪವೆಂದು ಅವಳಿಗೂ ಗೊತ್ತಿತ್ತು... ಬಾಗಿಲ ಸದ್ದಿಗೇ ಕಾಯುತ್ತಿದ್ದಳು.

ಒಂದು ಸಂಜೆ ಶಾಲೆಯಿಂದ ಬಂದರೆ ಮನೆಯೆಲ್ಲ ಕೊಳೆತ ವಾಸನೆ. ಅನಿಮೋನ್‌ಗಳು ಕರಗಿ ಲೋಳೆಯಾಗಿದ್ದವು. ಅವಳು ಕರೆದೊಡನೆ ಓಡಿಬಂದ ಅವನು ಯಾರಾದರೂ ಔಷಧಿ ಹಾಕಿದಿರಾ ಎಂದು ಕೇಳಿದ. ಅಮ್ಮ ಇಲ್ಲವೆಂದರು. ಅವನು ಮತ್ತೆ ಕೇಳಿದ.

"ನಮ್ಮಮ್ಮ ಸುಳ್ಳು ಹೇಳ್ತಾರಾ? ಕಾಯಿಲೆ ಇರೋದನ್ನ ಮಾರಿ, ಈಗ ನಮ್ಮ ತಲೆಗೆ ಕಟ್ತೀರಾ?"

ಅವನು ಅಮ್ಮನತ್ತ ಒಮ್ಮೆ ನೋಡಿ ಹೊರಟುಹೋದ. ಮರುದಿನ ಅವಳು ಅಂಗಡಿಗೇ ಹೋಗಿ, ಗಿರಾಕಿಗಳ ಮುಂದೆಯೇ ಅವನನ್ನು ಮೋಸಗಾರ ಎಂದಳು. ಮಾಲೀಕ ಅವನನ್ನು ಕೆಲಸದಿಂದ ತೆಗೆದ.

'ಎಂಥವನಿಗೆ ಮನಸ್ಸು ಕೊಟ್ಟೆ...' ಎಂದು ತಿಂಗಳುಗಟ್ಟಲೆ ಒಳಗೊಳಗೇ ಬೆಂದಳು.

ಕೊನೆಗೆ ಅಡುಗೆಮನೆಯ ಕಪಾಟು ಒರೆಸುವಾಗ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು, ತಾಮ್ರದ ನೀಲಿ ಔಷಧಿಯ ಬಾಟಲಿ. ಮೀನಿನ ಮೈಮೇಲೆ ಬಿಳಿ ಚುಕ್ಕಿ ಕಂಡು ಪಾಪ ಅನ್ನಿಸಿ ಹಾಕಿದ್ದೆ, ನೀನು ಬೈಯುತ್ತೀಯೆಂದು ಹೇಳಲಿಲ್ಲ ಎಂದು ಅಮ್ಮ ಅತ್ತರು.

ವಿಚಾರಿಸುತ್ತ ಹೋದವಳಿಗೆ ಅವನು ಬಂದರಿನ ಗೋದಾಮಿನಲ್ಲಿ ಸಿಕ್ಕಿದ. ಜೀವ ಉಳಿಸುತ್ತಿದ್ದ ಕೈಗಳು ಸತ್ತ ಮೀನಿಗೆ ಐಸ್ ತುಂಬುತ್ತಿದ್ದವು. ನಡೆದದ್ದನ್ನೆಲ್ಲ ಒಪ್ಪಿಕೊಂಡಳು.

"ನಿಮಗೆ ಆವತ್ತೇ ಗೊತ್ತಾಗಿತ್ತು. ಯಾಕೆ ವಾದ ಮಾಡ್ಲಿಲ್ಲ?"

"ಯಾರ ಹತ್ರ ಮಾಡ್ಲಿ? ನೀವು ತೀರ್ಪು ಕೊಟ್ಟಾಗಿತ್ತು."

"ನಿಮ್ಮನ್ನ ಪ್ರೀತಿಸ್ತೀನಿ... ಆವತ್ತೂ ಪ್ರೀತಿಸ್ತಿದ್ದೆ."

"ಗೊತ್ತು. ಅದಕ್ಕೇ ಜಾಸ್ತಿ ನೋವಾಯ್ತು." ಅವನು ಐಸ್ ಸುರಿಯುತ್ತಲೇ ಇದ್ದ. "ಮೋಸಗಾರ ಅಂದಿದ್ದು ಅಷ್ಟು ಜನರ ಮುಂದೆ. ಈಗ ನನ್ನೊಬ್ಬನ ಕಿವೀಲಿ ಹೇಳಿದ್ರೆ ಸಾಕಾ?"

ಅವಳು ಕಣ್ಣೊರೆಸಿಕೊಂಡಳು.

"ಸಾಲದು. ಅಲ್ಲೇ ಹೋಗಿ, ಎಲ್ಲರ ಮುಂದೇನೇ ಹೇಳ್ತೀನಿ, ಅಮ್ಮನ್ನೂ ಕರ್ಕೊಂಡು. ಅಲ್ಲೀವರೆಗೆ... ನನಗೋಸ್ಕರ ಕಾಯ್ತೀರಾ?"

ಅವನು ಮೊದಲ ಸಲ ತಲೆಯೆತ್ತಿದ. ನಗಲಿಲ್ಲ.

"ಇಷ್ಟು ದಿನ ಇನ್ನೇನು ಮಾಡ್ತಿದ್ದೆ ಅಂದ್ಕೊಂಡ್ರಿ, ಟೀಚರ್?"